ತೋಟಕ್ಕೆ ಎಂಥ ಕೋವಿ? ರೈಫಲ್, ದುರ್ಬೀನು ಮತ್ತು ಕೈಯಲ್ಲಿರುವ ಹಣ

ಬೆಳೆಗಾರ ಬಾಂಧವರು ನಾಲ್ಕು ಜನ ಸೇರಿದಲ್ಲಿ ಹಂದಿ, ಮಂಗಗಳ ಮಾತು ಬರುತ್ತದೆ. ಆ ಮಾತು ಬಂದಲ್ಲಿ ಕೋವಿಯ ಮಾತೂ ಬರುತ್ತದೆ. ಈಚೆಗೆ ಅದರ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. ಅಜ್ಜನ ಕಾಲದ ತೋಟೆ ಕೋವಿಯ ಬದಲು ದುರ್ಬೀನು ಹಾಕಿದ ಬೋಲ್ಟ್ ರೈಫಲ್ ತೆಗೆದುಕೊಂಡರೆ ಹೇಗೆ? ದೂರದಿಂದಲೇ ಗುರಿ ಹಿಡಿಯಬಹುದಲ್ಲ, ಕಡಿಮೆ ಹಣದಲ್ಲಿ ಸಿಕ್ಕೀತೆ? ಪ್ರಶ್ನೆ ಸಹಜವಾದದ್ದೇ. ಕೋವಿ ಒಂದು ಸಲ ಕೊಂಡರೆ ಮಗನ ಕಾಲಕ್ಕೂ ಉಳಿಯುವ ವಸ್ತು. ಆದ್ದರಿಂದ ಐದು ಎಕರೆಯೊಳಗಿನ ಬೆಳೆಗಾರರ ದೃಷ್ಟಿಯಿಂದ ಈ ವಿಷಯವನ್ನು ವಿವರವಾಗಿ ನೋಡೋಣ.

ಮೊದಲು ಅಳತೆ, ಆಮೇಲೆ ಕೋವಿ

ಕೋವಿ ಆರಿಸುವಾಗ ನಾವೆಲ್ಲ ಕೇಳುವ ಮೊದಲ ಪ್ರಶ್ನೆ, "ಇದು ಎಷ್ಟು ದೂರ ಹೊಡೆಯುತ್ತದೆ?" ಎಂಬುದು. ಸಣ್ಣ ಹಿಡುವಳಿದಾರರು ಕೇಳಬೇಕಾದದ್ದು, "ತಪ್ಪಿದ ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ?" ಎಂದು.

ಲೆಕ್ಕ ಹಾಕಿ ನೋಡಿ. ಚೌಕವಾದ ಒಂದು ಎಕರೆಯ ಬದಿ ಸುಮಾರು 64 ಮೀಟರ್. ಹನ್ನೆರಡು ಬೋರಿನ ತೋಟೆ ಕೋವಿಯ ಚರೆ ಸರಿಯಾಗಿ ಕೆಲಸ ಮಾಡುವುದು ಸುಮಾರು 35 ಮೀಟರಿನವರೆಗೆ. ಒಂಬತ್ತಡಿ ಅಂತರದಲ್ಲಿ ನೆಟ್ಟ ಅಡಿಕೆ ತೋಟದಲ್ಲಿ ಇದು ಹದಿಮೂರು ಮರಗಳ ಸಾಲು. ಅದರಾಚೆಗೆ ಚರೆ ಚೆದುರಿ ಬಲಗುಂದುತ್ತದೆ. ಆದರೆ ಅಲ್ಲಿಗೇ ನಿಂತುಬಿಡುವುದಿಲ್ಲ. ಆರನೆಯ ನಂಬರಿನ ಸಣ್ಣ ಚರೆ ಸುಮಾರು 220 ಮೀಟರ್, ಅಂದರೆ ಮೂರೂವರೆ ಎಕರೆ ಬದಿಯಷ್ಟು ದೂರ ಹೋಗಿ ಬೀಳಬಲ್ಲುದು. ದಪ್ಪನೆಯ ಎಲ್‌ಜಿ ಚರೆ ಸುಮಾರು 700 ಮೀಟರ್, ಅಂದರೆ ಹನ್ನೊಂದು ಎಕರೆ ಬದಿಯಷ್ಟು.

ಇನ್ನು ರೈಫಲ್. ಎಲ್ಲಕ್ಕಿಂತ ಚಿಕ್ಕದಾದ .22 ರೈಫಲಿನ ಗುಂಡು ಒಂದೂವರೆ ಕಿಲೋಮೀಟರ್ ಹೋಗಬಲ್ಲುದು. .30-06ರಂಥ ದೊಡ್ಡ ರೈಫಲಿನ ಗುಂಡು ಮೂರು ಕಿಲೋಮೀಟರಿಗೂ ಆಚೆ. ಐದು ಎಕರೆ ತೋಟದಲ್ಲಿ ನಿಂತು ಹಾರಿಸಿದ ಇಂಥ ಗುಂಡು ನಮ್ಮ ಬೇಲಿ ದಾಟಿ, ನೆರೆಯವರ ಬೇಲಿ ದಾಟಿ, ಶಾಲೆಯನ್ನೂ ಬಸ್ಸಿನ ರಸ್ತೆಯನ್ನೂ ಕೂಲಿಯವರ ಲೈನನ್ನೂ ದಾಟಿ ಹೋಗುವ ಶಕ್ತಿಯುಳ್ಳದ್ದು. ಬಯಲುಸೀಮೆಯಲ್ಲಾದರೆ ಎದುರಿಗೆ ಏನಿದೆಯೆಂದು ಕಾಣುತ್ತದೆ. ಕಾಫಿ ಗಿಡ, ಮೆಣಸಿನ ಬಳ್ಳಿ, ನೆರಳು ಮರಗಳ ನಡುವೆ ಹದಿಮೂರನೆಯ ಮರದಾಚೆ ಯಾರಿದ್ದಾರೆಂದು ಯಾರಿಗೂ ಕಾಣದು.

ಹಂದಿಯೆಂದು ತಿಳಿದು ಹಾರಿಸಿದ ಗುಂಡಿಗೆ ಮನುಷ್ಯರು ಬಲಿಯಾದ ಸುದ್ದಿ ಮಲೆನಾಡಿನಿಂದಲೂ ಕೊಡಗಿನಿಂದಲೂ ಮತ್ತೆ ಮತ್ತೆ ಬರುತ್ತಲೇ ಇದೆ. ರಾತ್ರಿ ನೀರು ತಿರುಗಿಸಲು ಹೋದವರು, ಪಂಪ್‌ಸೆಟ್ ನೋಡಲು ಹೋದವರು, ಬೆಳಗಿನ ಮಂಜಿನಲ್ಲಿ ಸೌದೆಗೆ ಹೋದವರು, ಒಟ್ಟಿಗೆ ಕಾವಲಿಗೆ ಕುಳಿತ ಜೊತೆಗಾರರೇ ಕೂಡ. ಕೋವಿಯ ಆಯ್ಕೆ ಎಂಬುದು ಬರಿಯ ಬೆಲೆಯ ಮಾತಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಕಾನೂನಿನಲ್ಲಿ ಏನಿದೆ?

1959ರ ಆಯುಧ ಕಾಯಿದೆಯೇ ನಮ್ಮ ಆಯ್ಕೆಯನ್ನು ಅರ್ಧ ತೀರ್ಮಾನಿಸಿಬಿಟ್ಟಿದೆ. ಬೆಳೆ ರಕ್ಷಣೆಗೆಂದು ಅದು ಹೆಸರಿಸಿ ಹೇಳುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು, ಅಂದರೆ ನಾವು ಕೇಪಿನ ಕೋವಿ ಎನ್ನುವುದನ್ನು. ಅದು ಸಾಲದೆಂದು ಪರವಾನಗಿ ಕೊಡುವ ಅಧಿಕಾರಿಗೆ ಮನವರಿಕೆಯಾದರೆ, ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಯವಾದ ನಳಿಗೆಯ ಬೇರೆ ಕೋವಿಗೂ ಪರವಾನಗಿ ಕೊಡಬಹುದು. ನಮ್ಮ ತೋಟೆ ಕೋವಿಗಳು ಈ ಗುಂಪಿನವು. ರೈಫಲಿನ ನಳಿಗೆಯೊಳಗೆ ಸುರುಳಿ ಗೆರೆಗಳಿರುವುದರಿಂದ ಅದು ಈ ಗುಂಪಿಗೆ ಸೇರುವುದಿಲ್ಲ. ರೈಫಲ್ ಬೇಕೆಂದರೆ ಅದಕ್ಕೆ ತಕ್ಕ ಕಾರಣವಿದೆಯೆಂದು ಅರ್ಜಿದಾರರೇ ಅಧಿಕಾರಿಗೆ ಮನಗಾಣಿಸಬೇಕು.

ಕೊಡಗಿನ ಸದಸ್ಯರ ಸ್ಥಿತಿ ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಬಹಳ ಹಿಂದಿನಿಂದ ಬಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ವಿನಾಯಿತಿ ಇರುವುದು ಪರವಾನಗಿಯಿಂದ ಮಾತ್ರ. ವನ್ಯಜೀವಿ ಕಾಯಿದೆಯಿಂದ ಯಾರಿಗೂ ವಿನಾಯಿತಿ ಇಲ್ಲ.

ಆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ಕೋವಿ ಕೊಳ್ಳುವ ಮೊದಲೇ ತಿಳಿದಿರಬೇಕು. ಕೋವಿಯ ಪರವಾನಗಿ ಎಂದರೆ ಪ್ರಾಣಿ ಹೊಡೆಯುವ ಪರವಾನಗಿ ಅಲ್ಲ. 2022ರ ತಿದ್ದುಪಡಿಯ ಪ್ರಕಾರ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಬೆಳೆಗೆ ಹಾನಿ ಮಾಡುವ ಹಂದಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಕಾರಣ ಬರೆದು ಲಿಖಿತ ಆದೇಶ ಕೊಡಬಹುದು. ಆ ಆದೇಶ ಕೈಯಲ್ಲಿಲ್ಲದೆ ಹೊಡೆದರೆ ಅಪರಾಧ. ನಮ್ಮ ಮಂಗ, ಆನೆ, ಕಾಟಿ ಮೂರೂ ಒಂದನೆಯ ಅನುಸೂಚಿಯಲ್ಲಿವೆ. ಅವುಗಳ ತಂಟೆಗೇ ಹೋಗಬಾರದು. ಅಪರಾಧ ಸಾಬೀತಾದರೆ ಸಜೆ, ದಂಡದ ಜೊತೆಗೆ ಕೋವಿಯ ಪರವಾನಗಿಯನ್ನು ರದ್ದುಮಾಡಿ ಐದು ವರ್ಷ ಬೇರೆ ಪರವಾನಗಿ ಸಿಗದಂತೆಯೂ ನ್ಯಾಯಾಲಯ ಮಾಡಬಹುದು.

ಅಭಯಾರಣ್ಯದ ಗಡಿಯಿಂದ ಹತ್ತು ಕಿಲೋಮೀಟರಿನೊಳಗೆ ವಾಸಿಸುವವರು ಇನ್ನೊಂದು ವಿಷಯ ನೆನಪಿಡಬೇಕು. ಅಲ್ಲಿ ಹೊಸ ಪರವಾನಗಿ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ಭದ್ರಾ, ಪುಷ್ಪಗಿರಿ, ಸೋಮೇಶ್ವರ, ಮೂಕಾಂಬಿಕಾ ಸುತ್ತಿನವರು ಮುಂಗಡ ಹಣ ಕೊಟ್ಟು ಕೋವಿ ಗೊತ್ತುಮಾಡಿ ಆಮೇಲೆ ಅರ್ಜಿ ಹಾಕುವುದು ಬೇಡ.

ಆದ್ದರಿಂದ ತೋಟದ ಕೋವಿಯ ನಿತ್ಯದ ಕೆಲಸ ಸದ್ದು ಮಾಡಿ ಬೆದರಿಸುವುದು. ಆ ಸದ್ದಿಗೆ ದುರ್ಬೀನೂ ಬೇಡ, ಮೂರು ಕಿಲೋಮೀಟರ್ ಹೋಗುವ ಗುಂಡೂ ಬೇಡ.

ಕೇಪು, ಒಂಟಿನಳಿಗೆ, ಜೋಡುನಳಿಗೆ

ಕೇಪಿನ ಕೋವಿ ಬೆಲೆಯಲ್ಲಿ ಅಗ್ಗ, ಸದ್ದಿನಲ್ಲಿ ಕಡಿಮೆಯೇನಲ್ಲ. ಆದರೆ ಮಳೆಗಾಲದಲ್ಲಿ ಮದ್ದು ತೇವ ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ತುಂಬಿದೆಯೋ ಇಲ್ಲವೋ ಎಂದು ನೋಡಿದರೆ ತಿಳಿಯದು. ತುಂಬಿದ್ದನ್ನು ಸುಲಭವಾಗಿ ತೆಗೆಯಲೂ ಆಗದು. ಇಂಥ ಕೋವಿ ಇರುವವರು ಒಂದು ಕೆಲಸ ಮಾಡಿಡಬೇಕು. ಖಾಲಿ ನಳಿಗೆಯೊಳಗೆ ಗಜವನ್ನು ತಳದವರೆಗೆ ಇಳಿಸಿ, ಬಾಯಿಯ ಮಟ್ಟದಲ್ಲಿ ಗಜದ ಮೇಲೆ ಗುರುತು ಕೊರೆಯಿರಿ. ಇನ್ನೊಮ್ಮೆ ಇಳಿಸಿದಾಗ ಗುರುತು ಬಾಯಿಯಿಂದ ಮೇಲೆ ನಿಂತರೆ ಒಳಗೆ ಮದ್ದಿದೆ ಎಂದರ್ಥ.

ಒಂಟಿನಳಿಗೆಯ ತೋಟೆ ಕೋವಿ ಸಣ್ಣ ಬೆಳೆಗಾರರಿಗೆ ಹೇಳಿಮಾಡಿಸಿದ್ದು. ಹಗುರ, ಕೀಲು ಮುರಿದೊಡನೆ ತುಂಬಿದೆಯೋ ಖಾಲಿಯೋ ಎಂದು ಕಣ್ಣಿಗೆ ಕಾಣುತ್ತದೆ, ಕೆಡುವ ಭಾಗಗಳು ಕಡಿಮೆ. ಒಂದೇ ಈಡು ಎಂಬುದನ್ನು ಕೊರತೆ ಎನ್ನುವವರಿದ್ದಾರೆ. ಬೆದರಿಸಲು ಒಂದು ಸಾಕು. ಎರಡನೆಯದಕ್ಕೆ ಮೊದಲು ಯೋಚಿಸಲು ಸ್ವಲ್ಪ ಸಮಯ ಸಿಗುವುದು ಒಳ್ಳೆಯದೇ.

ಜೋಡುನಳಿಗೆಯಲ್ಲಿ ಎರಡು ಈಡುಗಳ ಅನುಕೂಲವಿದೆ, ಕೈಗೆ ತೂಕವೂ ಇದೆ, ಬೆಲೆಯೂ ಹೆಚ್ಚು. ಆನೆ ಓಡಾಡುವ ಕಡೆ ಒಂಟಿ ಮನೆಯಲ್ಲಿರುವವರಿಗೆ ಎರಡು ಸದ್ದು ಬೇಕಾದೀತು. ಉಳಿದವರು ಹೆಚ್ಚಿನ ಆ ಹಣವನ್ನು ಕಬ್ಬಿಣದ ಕಪಾಟಿಗೆ ಹಾಕುವುದು ಲೇಸು.

ಹಳೆಯ ಕೋವಿ ಕೊಳ್ಳುವಾಗ

1980ರ ದಶಕದಲ್ಲಿ ಹೊರದೇಶದ ಕೋವಿಗಳ ಆಮದಿಗೆ ತಡೆ ಬಿದ್ದಮೇಲೆ ವೆಬ್ಲಿ, ಗ್ರೀನರ್, ಬಿಎಸ್‌ಎ ಮುಂತಾದ ಹಳೆಯ ಹೆಸರುಗಳಿಗೆ ಬೆಲೆ ಏರಿತು. ಹೆಸರಿಗೆ ಹಣ ಕೊಡುವುದು ಬೇಡ, ನಳಿಗೆಗೆ ಕೊಡಿ. ದೇಶದ ಆರ್ಡ್‌ನೆನ್ಸ್ ಕಾರ್ಖಾನೆಯ ಒಳ್ಳೆಯ ಸ್ಥಿತಿಯ ಕೋವಿ, ತುಕ್ಕು ತಿಂದ ವಿಲಾಯತಿ ಕೋವಿಗಿಂತ ಸಾವಿರ ಪಾಲು ಮೇಲು. ನೋಡಬೇಕಾದದ್ದು ಇವು:

ಮೊದಲು ತೆರೆದು ಖಾಲಿಯೆಂದು ಖಚಿತಪಡಿಸಿಕೊಳ್ಳಿ. ನಳಿಗೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು ಒಳಗೆ ನೋಡಿ. ಬೆಳಕಿನ ಬಳೆಗಳು ಸರಿಯಾಗಿ ಕಾಣಬೇಕು; ಒಂದು ಕಡೆ ಬಳೆ ಸೊಟ್ಟಗಾದರೆ ಅಲ್ಲಿ ತಗ್ಗು ಅಥವಾ ಉಬ್ಬು ಇದೆ. ಉಬ್ಬಿದ ನಳಿಗೆಯನ್ನು ಬಿಟ್ಟಿಯಾಗಿ ಕೊಟ್ಟರೂ ಬೇಡ.

ಜೋಡುನಳಿಗೆಯಾದರೆ, ನಳಿಗೆಯನ್ನು ಕೊಕ್ಕೆಯಿಂದ ತೂಗುಬಿಟ್ಟು ಬೆರಳ ಗೆಣ್ಣಿನಿಂದ ತಟ್ಟಿ. ಗಂಟೆಯಂತೆ ನಾದ ಬಂದರೆ ಬೆಸುಗೆ ಗಟ್ಟಿಯಿದೆ. ಒಡೆದ ಮಡಕೆಯ ಸದ್ದು ಬಂದರೆ ನಡುವಿನ ಪಟ್ಟಿ ಬಿಟ್ಟಿದೆ.

ಮುಂದಿನ ಮರ ತೆಗೆದು, ಕೋವಿಯನ್ನು ಮುಚ್ಚಿ ಅಲುಗಿಸಿ ನೋಡಿ. ನಳಿಗೆ ಕಟಕಟ ಎಂದರೆ ಕೀಲು ಸವೆದಿದೆ. ಮರದ ಹಿಡಿಯ ಸಣ್ಣ ಕುತ್ತಿಗೆಯಲ್ಲಿ ಬಿರುಕಿದೆಯೇ, ಅದನ್ನು ಮೇಣ ಹಾಕಿ ಮುಚ್ಚಿದ್ದಾರೆಯೇ ನೋಡಿ.

ನಳಿಗೆಯ ಮೈಮೇಲೆ ಹಾವಿನ ಪೊರೆಯಂಥ ಚಿತ್ತಾರ ಕಂಡರೆ ಅದು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುತ್ತಿ ಮಾಡಿದ ಹಳೆಯ ಕಾಲದ ನಳಿಗೆ. ಗೋಡೆಯ ಅಂದಕ್ಕೆ ಚೆನ್ನ. ಈಗಿನ ತೋಟೆಗೆ ಅದನ್ನು ಒಡ್ಡಬಾರದು.

ಕೋವಿಯ ನಂಬರೂ ಕಾಗದದ ನಂಬರೂ ಒಂದೇ ಇರಬೇಕು. ಖಾಸಗಿಯವರಿಂದ ಕೊಳ್ಳುವಾಗ, ಮಾರುವವರು ಜಿಲ್ಲಾಧಿಕಾರಿಗೆ ಅಥವಾ ಠಾಣೆಗೆ ಬರೆದು ತಿಳಿಸಿ 45 ದಿನ ಕಳೆದ ಮೇಲೆಯೇ ಕೋವಿ ಕೈ ಬದಲಾಗಬೇಕು. "ಕೋವಿ ಈಗ ಒಯ್ಯಿರಿ, ಕಾಗದ ಆಮೇಲೆ" ಎನ್ನುವವರ ಮನೆಯಿಂದ ಬರಿಗೈಯಲ್ಲಿ ಬರುವುದೇ ಲಾಭ.

ತೋಟೆಯ ಉದ್ದ

ಹಲವರಿಗೆ ಗೊತ್ತಿಲ್ಲದ, ಆದರೆ ಜೀವಕ್ಕೆ ಸಂಬಂಧಿಸಿದ ವಿಷಯವಿದು. ಹನ್ನೆರಡು ಬೋರಿನ ತೋಟೆಗಳಲ್ಲಿ 65 ಮಿಲಿಮೀಟರಿನವು, 70 ಮಿಲಿಮೀಟರಿನವು ಎಂದು ಎರಡು ಬಗೆ ನಮ್ಮಲ್ಲಿ ಸಿಗುತ್ತವೆ. ಹಳೆಯ ವಿಲಾಯತಿ ಕೋವಿಗಳಲ್ಲಿ ಬಹಳಷ್ಟರ ತೋಟೆಯ ಮನೆ 65 ಮಿಲಿಮೀಟರಿನದು. ಅದರೊಳಗೆ 70ರ ತೋಟೆ ಸಲೀಸಾಗಿ ಕುಳಿತುಕೊಳ್ಳುತ್ತದೆ, ಏಕೆಂದರೆ ಅದರ ಬಾಯಿ ಮಡಿಸಿರುತ್ತದೆ. ಹಾರಿಸಿದಾಗ ಮಡಿಕೆ ಬಿಚ್ಚಿ ನಳಿಗೆಯೊಳಕ್ಕೆ ಚಾಚಿಕೊಂಡು ದಾರಿ ಕಿರಿದಾಗುತ್ತದೆ, ಒತ್ತಡ ಮಿತಿ ಮೀರುತ್ತದೆ. ಕುಳಿತಿತೆಂದ ಮಾತ್ರಕ್ಕೆ ಸರಿಯಾಯಿತೆಂದಲ್ಲ. ನಳಿಗೆಯ ಮೇಲಿನ ಅಚ್ಚನ್ನು ಓದಿಸಿ. ಅಚ್ಚು ಅಳಿಸಿದ್ದರೆ ಪರವಾನಗಿಯುಳ್ಳ ಕೋವಿ ರಿಪೇರಿಯವರಿಂದ ಅಳತೆ ಮಾಡಿಸಿ.

ಚರೆಯ ನಂಬರ್ ಹೆಚ್ಚಾದಷ್ಟೂ ಕಾಳು ಸಣ್ಣದು. ಬೆದರಿಸುವ ಕೆಲಸಕ್ಕೆ ಸಣ್ಣ ಚರೆಯೇ ಸಾಕು. ಅದನ್ನೂ ಆಕಾಶಕ್ಕೆ ಹಾರಿಸದೆ, ಕಲ್ಲಿಲ್ಲದ ಮಣ್ಣಿನ ದರೆಗೆ ಹಾರಿಸಬೇಕು. ಮೇಲೆ ಹೋದದ್ದು ಎಲ್ಲೋ ಒಂದು ಕಡೆ ಕೆಳಗೆ ಬರಲೇಬೇಕು.

ರೈಫಲ್ ಬೇಕೇ ಬೇಕೆಂದರೆ

ಕೊಡಗಿನಲ್ಲಿ ಮನೆತನದಿಂದ ಬಂದ ರೈಫಲ್ ಇರುವವರಿದ್ದಾರೆ. ಕೈಲ್‌ಪೊಳ್ದ್ ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಇಳಿಯುವವರಿದ್ದಾರೆ. ಅವರಿಗಾಗಿ ನಾಲ್ಕು ಮಾತು.

ಬೋಲ್ಟ್ ರೈಫಲ್ ಎಂದರೆ ಬಾಗಿಲ ಅಗಳಿಯಂತೆ ಹಿಂದೆಳೆದು ಮುಂದೆ ತಳ್ಳುವ ಬೋಲ್ಟಿನಿಂದ ಒಂದೊಂದೇ ತೋಟೆಯನ್ನು ಮನೆಗೆ ಕೂರಿಸುವ ರೈಫಲ್. ಕೆಲಸ ಸರಳ, ಹೆಚ್ಚು ಕೆಡುವುದಿಲ್ಲ. ನಮ್ಮ ದೇಶದ ಕಾರ್ಖಾನೆಗಳಲ್ಲಿ ತಯಾರಾದವುಗಳಲ್ಲಿ .22, .315, .30-06 ಮೂರು ಅಳತೆಯವು ಜನರ ಕೈಯಲ್ಲಿವೆ. ಬ್ರಿಟಿಷರ ಕಾಲದಲ್ಲಿ ಸೈನ್ಯದ .303 ತೋಟೆ ಜನರ ಕೈಗೆ ಸಿಗಬಾರದೆಂದು ಅದರ ಬದಲು ಬಳಕೆಗೆ ಬಂದದ್ದು .315. ಪಂದ್ಯಕ್ಕೂ ಕೈ ಪಳಗಿಸಲಿಕ್ಕೂ .22 ಒಂದೇ ಸಾಕು. ಒದೆತವಿಲ್ಲ, ತೋಟೆಯ ಖರ್ಚೂ ಕಡಿಮೆ. ದೊಡ್ಡ ರೈಫಲ್ ತೆಗೆದುಕೊಂಡು ತೋಟೆ ದುಬಾರಿಯೆಂದು ವರ್ಷಕ್ಕೆ ಎರಡೇ ಗುಂಡು ಹಾರಿಸುವವರ ಗುರಿ ಎಂದೂ ನಿಲ್ಲುವುದಿಲ್ಲ.

ಹಳೆಯ ರೈಫಲ್ ನೋಡುವಾಗ ಬೋಲ್ಟ್ ಒತ್ತಾಯವಿಲ್ಲದೆ ಮುಚ್ಚಬೇಕು, ಮುಚ್ಚಿದಮೇಲೆ ಸಡಿಲವಾಗಿ ಅಲುಗಾಡಬಾರದು. ನಳಿಗೆಯ ಒಳಗಿನ ಸುರುಳಿ ಗೆರೆಗಳು ಬಾಯಿಯವರೆಗೂ ಚೂಪಾಗಿರಬೇಕು. ಖಾಲಿ ರೈಫಲಿನಲ್ಲಿ ಸೇಫ್ಟಿ ಹಾಕಿ ಟ್ರಿಗರ್ ಒತ್ತಿ ನೋಡಿ. ಆಮೇಲೆ ಸೇಫ್ಟಿ ತೆಗೆದಾಗ ತಾನಾಗಿ ಬಿದ್ದರೆ ಅದು ಕೊಲೆಗಡುಕ ರೈಫಲ್.

2019ರ ತಿದ್ದುಪಡಿಯ ನಂತರ ಒಬ್ಬರು ಹೊಂದಬಹುದಾದ ಬಂದೂಕುಗಳು ಸಾಮಾನ್ಯವಾಗಿ ಎರಡೇ. ಪಿತ್ರಾರ್ಜಿತವಾಗಿ ಒಂದು ಬರುವುದಿದ್ದರೆ ಅದನ್ನೂ ಲೆಕ್ಕದಲ್ಲಿಟ್ಟು ತೀರ್ಮಾನಿಸಿ.

ದುರ್ಬೀನಿನ ಲೆಕ್ಕ

ದುರ್ಬೀನಿಗೆ ಹಣ ಹಾಕುವವರು ಒಂದು ಸಣ್ಣ ಭಾಗಾಕಾರ ಕಲಿತರೆ ಸಾಕು. ದುರ್ಬೀನಿನ ಮೇಲೆ 4×32 ಎಂದಿದ್ದರೆ ನಾಲ್ಕು ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಗಾಜಿನ ಅಗಲ 32 ಮಿಲಿಮೀಟರ್ ಎಂದರ್ಥ. 32ನ್ನು 4ರಿಂದ ಭಾಗಿಸಿದರೆ 8. ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ 8 ಮಿಲಿಮೀಟರ್. ಮಬ್ಬಿನಲ್ಲಿ ಎಳೆಯರ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್, ವಯಸ್ಸಾದವರದು 5ರಷ್ಟು ತೆರೆಯುತ್ತದೆ. ಅಂದಮೇಲೆ ಇದು ಧಾರಾಳ. ಮೂರರಿಂದ ಒಂಬತ್ತು ಪಟ್ಟಿನ, 40ರ ಗಾಜಿನ ದುಬಾರಿ ದುರ್ಬೀನನ್ನು ಒಂಬತ್ತಕ್ಕೆ ತಿರುಗಿಸಿದರೆ ಉಳಿಯುವುದು ನಾಲ್ಕೂವರೆ ಮಿಲಿಮೀಟರಿಗೂ ಕಡಿಮೆ. ಹೆಚ್ಚು ಹಣ ಕೊಟ್ಟು ಕತ್ತಲೆ ಕೊಂಡಂತೆ. ಬಜೆಟ್ ಸಣ್ಣದಿದ್ದರೆ ತಿರುಗಿಸಲು ಏನೂ ಇಲ್ಲದ ನಾಲ್ಕು ಪಟ್ಟಿನದೇ ಸರಿ. ಅದನ್ನು ಹಿಡಿದಿಡುವ ಬಳೆ, ತಿರುಪುಗಳಲ್ಲಿ ಜಿಪುಣತನ ಬೇಡ. ಬಳೆ ಸಡಿಲವಾದರೆ ಒಳ್ಳೆಯ ಗಾಜೂ ಸುಳ್ಳು ಹೇಳುತ್ತದೆ. ಕಣ್ಣಿಗೂ ದುರ್ಬೀನಿಗೂ ಮೂರು ಅಂಗುಲಕ್ಕಿಂತ ಕಡಿಮೆ ಅಂತರ ಕೇಳುವುದನ್ನು ದೊಡ್ಡ ರೈಫಲಿಗೆ ಹಾಕಿದರೆ ಹುಬ್ಬು ಸೀಳುತ್ತದೆ.

ಆದರೆ ತೋಟದೊಳಗೆ ದುರ್ಬೀನಿನ ದೋಷವೊಂದಿದೆ. ನಾಲ್ಕು ಪಟ್ಟಿನದರಲ್ಲಿ ಹದಿಮೂರು ಮರಗಳ ದೂರಕ್ಕೆ ಕಾಣುವ ಅಗಲ ಸುಮಾರು ನಾಲ್ಕು ಮೀಟರ್, ಅಂದರೆ ಅಡಿಕೆಯ ಒಂದೂವರೆ ಸಾಲು. ಮೂರನೆಯ ಸಾಲಿನಲ್ಲಿ ಬಗ್ಗಿ ಗೋಟು ಹೆಕ್ಕುತ್ತಿರುವವರು ಅದರಲ್ಲಿ ಕಾಣಿಸುವುದಿಲ್ಲ. "ಅಲ್ಲಿ ಏನಿದೆ ನೋಡೋಣ" ಎಂದು ರೈಫಲಿನ ದುರ್ಬೀನನ್ನು ಎತ್ತುವುದೆಂದರೆ, ಅಲ್ಲಿರುವವರ ಎದೆಗೆ ರೈಫಲ್ ಹಿಡಿದಂತೆಯೇ ಸರಿ. ನೋಡಲಿಕ್ಕೆ ಟಾರ್ಚು ಇರಲಿ, ಕುತ್ತಿಗೆಗೆ ಹಾಕುವ ಬೈನಾಕ್ಯುಲರ್ ಇರಲಿ.

ಮಳೆಗಾಲ, ಕಪಾಟು, ಚುನಾವಣೆ

ನಮ್ಮ ಮಳೆಗಾಲ ಕೋವಿಯ ಶತ್ರು. ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿ ಮುಚ್ಚಿಟ್ಟರೆ ತೇವ ಒಳಗೇ ಉಳಿದು ತುಕ್ಕು ಬರುತ್ತದೆ. ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿ, ಗಾಳಿಯಾಡುವಂತೆ ಕಪಾಟಿನಲ್ಲಿ ನಿಲ್ಲಿಸಬೇಕು. ಕೇಪಿನ ಕೋವಿಯನ್ನು ಹಾರಿಸಿದ ದಿನವೇ ಬಿಸಿನೀರಿನಿಂದ ತೊಳೆದು ಒಣಗಿಸಿ ಎಣ್ಣೆ ಹಚ್ಚಬೇಕು. ಕರಿಮದ್ದಿನ ಮಸಿ ತೇವ ಎಳೆಯುತ್ತದೆ. ಬಹಳ ದಿನದ ಮೇಲೆ ಹೊರತೆಗೆದಾಗ ನಳಿಗೆಯೊಳಗೆ ತಪ್ಪದೆ ನೋಡಿ. ಕುಂಬಾರ ಹುಳು ಅಲ್ಲಿ ಮಣ್ಣಿನ ಗೂಡು ಕಟ್ಟಿರಬಹುದು. ಹಾಗೇ ಹಾರಿಸಿದರೆ ನಳಿಗೆ ಒಡೆಯುತ್ತದೆ.

ಕೋವಿ ಒಂದು ಕಡೆ, ತೋಟೆ ಇನ್ನೊಂದು ಕಡೆ, ಎರಡಕ್ಕೂ ಬೀಗ. ಬೀಗದ ಕೈ ಮೊಳೆಗೆ ನೇತುಹಾಕುವಂಥದ್ದಲ್ಲ. ಪರವಾನಗಿಯಲ್ಲಿ ಹೆಸರಿಲ್ಲದವರು ಎಷ್ಟೇ ಆಪ್ತರಾಗಿದ್ದರೂ ಕಾವಲಿಗೆಂದು ಅವರ ಕೈಗೆ ಕೋವಿ ಕೊಡಬಾರದು. ಪೊಲೀಸ್ ಇಲಾಖೆ ಜಿಲ್ಲೆಗಳಲ್ಲಿ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೆ ಸೇರಿ. ಅಲ್ಲಿ ಕಳೆದ ದಿನಗಳು ಯಾವ ದುರ್ಬೀನಿಗಿಂತಲೂ ಹೆಚ್ಚು ಫಲ ಕೊಡುತ್ತವೆ. ಪರವಾನಗಿಯ ಅವಧಿ ಈಗ ಐದು ವರ್ಷ. ಮುಗಿಯುವ ದಿನವನ್ನು ಪಂಚಾಂಗದಲ್ಲಿ ಗುರುತು ಹಾಕಿಕೊಳ್ಳಿ.

ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಬೇಕೆಂಬ ಆದೇಶ ಬರುತ್ತದೆ. ಫಸಲಿನ ಕಾಲದಲ್ಲಿ ಇದು ಕಷ್ಟವೇ. ಕಾರಣವಿರುವವರು ಜಿಲ್ಲೆಯ ಪರಿಶೀಲನಾ ಸಮಿತಿಗೆ ಪಹಣಿಯ ಪ್ರತಿಯೊಂದಿಗೆ ವಿನಾಯಿತಿ ಕೇಳಿ ಬೇಗನೆ ಅರ್ಜಿ ಕೊಡಬಹುದು. ಒಪ್ಪಿಸುವುದಾದರೆ ಕೋವಿಯ ಸ್ಥಿತಿಯನ್ನು ಬರೆಸಿ ರಶೀದಿ ಪಡೆಯಿರಿ.

ಕಡೆಯದಾಗಿ

ಕೈಯಲ್ಲಿರುವ ಹಣಕ್ಕೆ ನಮ್ಮ ಸಲಹೆ ಇಷ್ಟು: ನಳಿಗೆ ಗಟ್ಟಿಯಿರುವ ಒಂಟಿನಳಿಗೆಯ ಹನ್ನೆರಡು ಬೋರಿನ ಕೋವಿ, ಅದರ ಅಳತೆಗೆ ಸರಿಯಾದ ತೋಟೆ, ಬೀಗವಿರುವ ಕಪಾಟು, ಒಳ್ಳೆಯ ಟಾರ್ಚು, ತರಬೇತಿ. ಹಣ ಉಳಿದರೆ ಬೇಲಿಗೆ ಹಾಕಿ. ಬೇಲಿ ರಾತ್ರಿಯಿಡೀ ಎಚ್ಚರವಿರುತ್ತದೆ, ನಾವು ಇರಲಾರೆವು. ಉರುಳು, ಕಟ್ಟುಕೋವಿ, ಕರೆಂಟಿನ ತಂತಿಗಳಂತೂ ಬೇಡವೇ ಬೇಡ. ಅವುಗಳಿಗೆ ಹಂದಿ ಯಾವುದು, ನೆರೆಮನೆಯ ಹುಡುಗ ಯಾರು ಎಂದು ತಿಳಿಯದು.

ಕೋವಿ ಹಿಡಿದ ನಮಗೆ ಆ ಭೇದ ತಿಳಿಯುತ್ತದೆ, ಬೆಳಕು ಹಾಯಿಸಿ ನೋಡುವ ತಾಳ್ಮೆಯಿದ್ದರೆ. ಪೊದೆ ಅಲುಗಿತು, ಏನೋ ಗುಟುರು ಹಾಕಿತು ಎಂಬುದು ಗುಂಡು ಹಾರಿಸಲು ಕಾರಣವಲ್ಲ. ಹಂದಿ ತಿಂದ ಫಸಲು ಮುಂದಿನ ವರ್ಷ ಮತ್ತೆ ಬರುತ್ತದೆ.